ರೇಡಿಯೇಟರ್ ಹೊರಗಿನದಾದರೂ ಸರಿ, ಮುಚ್ಚಳ ಮಾತ್ರ ಕಂಪನಿಯದೇ ಇರಲಿ

ಬೇಸಿಗೆ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಗಾಡಿ ಹೀಟ್ ಆಯಿತು, ರೇಡಿಯೇಟರ್ ಹೋಗಿದೆ ಅಂದರು, ಸರ್ವಿಸ್ ಸೆಂಟರಿನಲ್ಲಿ ಒಂದು ರೇಟು, ನಮ್ಮ ಏರಿಯಾದ ಗ್ಯಾರೇಜಿನಲ್ಲಿ ಅದರ ಅರ್ಧ ರೇಟು. ಕಂಪನಿಯದ್ದೇ ಹಾಕಿಸಬೇಕಾ, ಹೊರಗಿನದು ನಡೆಯುತ್ತಾ? ಬರೆಯುವವರು ಬೇರೆ, ಗಾಡಿ ಬೇರೆ, ಊರು ಬೇರೆ. ಆದರೆ ಎಲ್ಲರ ಚಿಂತೆಯೂ ರೇಡಿಯೇಟರಿನ ಸುತ್ತಲೇ ಸುತ್ತುತ್ತದೆ, ಏಕೆಂದರೆ ಬಿಲ್ಲಿನಲ್ಲಿ ದೊಡ್ಡ ಅಂಕಿ ಅದರದ್ದೇ. ನನ್ನ ಉತ್ತರ ಕೇಳಿದವರಿಗೆ ಸ್ವಲ್ಪ ಉಲ್ಟಾ ಅನ್ನಿಸಬಹುದು. ರೇಡಿಯೇಟರನ್ನು ನೋಡಿ ಆರಿಸಿ ಹೊರಗೆ ಕೊಂಡರೆ ಏನೂ ಮುಳುಗಿ ಹೋಗುವುದಿಲ್ಲ. ಮುಚ್ಚಳ, ಥರ್ಮೋಸ್ಟಾಟ್, ಹೋಸ್, ಕ್ಲಿಪ್ಪು ಇಂಥ ಚಿಲ್ಲರೆ ಸಾಮಾನಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ನಮ್ಮಲ್ಲಿ ನಡೆಯುವುದು ಸರಿಯಾಗಿ ಇದರ ತದ್ವಿರುದ್ಧ: ಸಾಲ ಮಾಡಿಯಾದರೂ ಕಂಪನಿ ರೇಡಿಯೇಟರ್ ಹಾಕಿಸಿ, ಅದರ ಮೇಲೆ ಹತ್ತು ವರ್ಷದ ಹಳೆಯ ಮುಚ್ಚಳ ಕೂರಿಸಿ, ಒಳಗೆ ಬೋರ್‌ವೆಲ್ ನೀರು ಸುರಿಯುತ್ತೇವೆ.

ಮೊದಲು ಈ 'ಕಂಪನಿಯದ್ದು', 'ಹೊರಗಿನದು' ಎಂಬ ವಿಂಗಡಣೆಯನ್ನೇ ಸ್ವಲ್ಪ ಬಿಚ್ಚಿ ನೋಡೋಣ. ಕಾರು ತಯಾರಿಸುವವರು ರೇಡಿಯೇಟರ್, ಥರ್ಮೋಸ್ಟಾಟ್, ಹೋಸುಗಳನ್ನು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಅದಕ್ಕೆಂದೇ ಬೇರೆ ಕಾರ್ಖಾನೆಗಳಿವೆ. ಡೆನ್ಸೊ, ವಾಲಿಯೊ, ಮಾಲೆ, ವಡೋದರದ ಬ್ಯಾಂಕೊ ಇಂಥವರು ಕಾರು ಕಂಪನಿಗಳಿಗೆ ಸರಬರಾಜು ಮಾಡುವವರು. ಅವರು ಮಾಡಿದ ಮಾಲು ಕಾರು ಕಂಪನಿಯ ಹೆಸರಿನ ಡಬ್ಬದಲ್ಲಿ ಬಂದರೆ 'ಜೆನ್ಯೂನ್'. ಅದೇ ತಯಾರಕರು ತಮ್ಮದೇ ಡಬ್ಬದಲ್ಲಿ ಅಂಗಡಿಗೆ ಕಳಿಸುವ ಮಾಲೂ ಉಂಟು; ಹೆಸರು ತಯಾರಕರದ್ದು, ಬೆಲೆ ಸಾಮಾನ್ಯವಾಗಿ ಕಡಿಮೆ. ಮೂರನೆಯವರು, ಕಾರು ಕಂಪನಿಗೆ ಎಂದೂ ಸರಬರಾಜು ಮಾಡದೆ ಬಜಾರಿಗೆಂದೇ ಭಾಗ ಮಾಡುವವರು. ಇವರಲ್ಲಿ ತುಂಬ ಒಳ್ಳೆಯವರೂ ಇದ್ದಾರೆ, ಅಳತೆ ಒಂದು ಹೊಂದಿದರೆ ಸಾಕೆನ್ನುವವರೂ ಇದ್ದಾರೆ. ನಾಲ್ಕನೆಯದು ಡೂಪ್ಲಿಕೇಟ್, ಅಂದರೆ ಕಂಪನಿಯ ಹೆಸರನ್ನೇ ಕದ್ದು ಅಚ್ಚು ಹಾಕಿದ ನಕಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ಗಂಟೆ ಓಡಾಡಿದರೆ ಈ ನಾಲ್ಕೂ ಕಣ್ಣಿಗೆ ಬಿದ್ದಾವು. ಹಾಗಿರುವಾಗ 'ಹೊರಗಿನದು' ಎಂಬ ಒಂದೇ ಮಾತಿನಲ್ಲಿ ಕೊನೆಯ ಮೂರನ್ನೂ ಕಟ್ಟಿಹಾಕಿದರೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ತಕ್ಕಡಿಗೆ ಹಾಕಿದಂತಾಗುತ್ತದೆ.

ಕಾರು ಕಂಪನಿಗಳಿಗೂ ಈ ಗೊಂದಲದಲ್ಲಿ ಪಾಲಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳೂ ರಿಪೇರಿಯ ತಾಂತ್ರಿಕ ಮಾಹಿತಿಯೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು, ಸರಬರಾಜುದಾರರು ತಮ್ಮ ಮಾಲನ್ನು ನೇರವಾಗಿ ಬಜಾರಿಗೆ ಬಿಡದಂತೆ ಕರಾರುಗಳಲ್ಲಿ ಕಟ್ಟಿಹಾಕಿದ್ದು ಆಯೋಗದ ಆಕ್ಷೇಪ. ದಂಡದ ವಿಚಾರ ಮೇಲ್ಮನವಿಗಳ ದಾರಿ ಹಿಡಿಯಿತು, ಅದು ಬೇರೆ ಕಥೆ. ನಮಗೆ ಬೇಕಾದ ಅಂಶ ಇಷ್ಟು: 'ಹೊರಗೆ ಒಳ್ಳೆಯದು ಸಿಗುವುದಿಲ್ಲ' ಎಂಬ ನಂಬಿಕೆ ತಾನಾಗಿಯೇ ಹುಟ್ಟಿದ್ದಲ್ಲ, ಒಳ್ಳೆಯದು ಹೊರಗೆ ಬರದಂತೆ ನೋಡಿಕೊಂಡವರೂ ಇದ್ದರು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ಗಾಡಿ ನನ್ನದು ಅಂದಮೇಲೆ ಎಲ್ಲಿ, ಯಾವ ಭಾಗ ಹಾಕಿ ರಿಪೇರಿ ಮಾಡಿಸಬೇಕೆಂಬುದೂ ನನ್ನ ಆಯ್ಕೆ ಎಂಬ ತತ್ವವನ್ನು ಸರ್ಕಾರವೂ ಒಪ್ಪಿದೆ ಎಂದಾಯಿತು.

ಇನ್ನು ಭಾಗಗಳ ಹತ್ತಿರ ಹೋಗೋಣ. ಎಂಜಿನ್ನಿಗೆ ಹಾಕಿದ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಇನ್ನೊಂದು ಪಾಲು ಹೊಗೆಯೊಡನೆ ಸೈಲೆನ್ಸರಿನಿಂದ ಹೋಗುತ್ತದೆ. ಹೆಚ್ಚುಕಡಿಮೆ ಉಳಿದಷ್ಟು ಬಿಸಿಯನ್ನು ಕೂಲೆಂಟ್ ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಎಂಜಿನ್ ಸುಖವಾಗಿ ಓಡುವುದು 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಅಂದರೆ ಓಡುವ ಬಿಸಿಗೂ ಕುದಿಯುವ ಬಿಸಿಗೂ ನಡುವೆ ಅಂತರವೇ ಇಲ್ಲ. ಏಪ್ರಿಲ್ ಮಧ್ಯಾಹ್ನ ನಾಲ್ಕು ಜನ, ಲಗೇಜು, ಎ.ಸಿ. ಸಮೇತ ಎರಡನೇ ಗೇರಿನಲ್ಲಿ ಶಿರಾಡಿ ಹತ್ತುವ ಗಾಡಿ ಕುದಿಯದೆ ಉಳಿಯುವುದು ಹೇಗೆ? ಆ ಅಂತರವನ್ನು ಹುಟ್ಟಿಸಿಕೊಡುವುದು ಆ ಪುಟ್ಟ ಮುಚ್ಚಳ.

ಮುಚ್ಚಳದ ಕೆಲಸ ಅಡುಗೆಮನೆಯ ಕುಕ್ಕರಿನ ವೆಯ್ಟಿನದ್ದೇ: ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲೇರಿಸುವುದು. ಬಹಳಷ್ಟು ಕಾರುಗಳ ಮುಚ್ಚಳದ ಮೇಲೆ 0.9 ಅಥವಾ 1.1 ಎಂಬ ಅಂಕಿ ಇರುತ್ತದೆ; ಕೆಲವದರ ಮೇಲೆ ಅದನ್ನೇ 88 ಅಥವಾ 108 ಕಿಲೋಪಾಸ್ಕಲ್ ಎಂದು ಬರೆದಿರುತ್ತಾರೆ. 0.9ರ ಮುಚ್ಚಳ ಸರಿಯಾಗಿದ್ದರೆ ಬರೀ ನೀರು ಕೂಡ 115 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ, ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ್ದರೆ ಇನ್ನೂ ಮೇಲೆ. ಸ್ಪ್ರಿಂಗ್ ಸೋತ ಮುಚ್ಚಳ ಈ ರಕ್ಷಣೆಯನ್ನೆಲ್ಲ ಸದ್ದಿಲ್ಲದೆ ಕಿತ್ತುಕೊಳ್ಳುತ್ತದೆ. ತಣ್ಣಗಿರುವ ಎಂಜಿನ್ನಿನ ಮುಚ್ಚಳವನ್ನು ತೆಗೆದು ತಿರುಗಿಸಿ ನೋಡಿ. ಬಿಸಿ ಇರುವಾಗ ಮಾತ್ರ ಅದನ್ನು ಮುಟ್ಟಲೇಬಾರದು, ಚಿಮ್ಮುವ ಕೂಲೆಂಟ್ ಮುಖವನ್ನೇ ಸುಡುತ್ತದೆ. ಅಡಿಯಲ್ಲಿ ಒಂದು ರಬ್ಬರ್ ವಾಷರ್, ಅದರ ನಡುವೆ ನಾಲ್ಕಾಣೆಗಿಂತ ಚಿಕ್ಕದಾದ ಇನ್ನೊಂದು ವಾಲ್ವು. ಉಗುರಿನಿಂದ ಎಳೆದರೆ ಆ ಪುಟ್ಟ ವಾಲ್ವು ತೆರೆದು, ಬಿಟ್ಟ ಕೂಡಲೇ ಮುಚ್ಚಿಕೊಳ್ಳಬೇಕು. ಎಂಜಿನ್ ತಣಿಯುವಾಗ ಪಕ್ಕದ ಪ್ಲಾಸ್ಟಿಕ್ ಬಾಟಲಿಯಿಂದ ಕೂಲೆಂಟನ್ನು ವಾಪಸ್ ಒಳಗೆಳೆಯುವ ದಾರಿ ಅದೇ. ರಬ್ಬರಿನಲ್ಲಿ ಗೆರೆ ಮೂಡಿ ಗಟ್ಟಿಯಾಗಿದ್ದರೆ ಅದರ ಆಯುಷ್ಯ ಮುಗಿಯಿತು. ಬೀದಿ ಅಂಗಡಿಯ ಲೋಕಲ್ ಮುಚ್ಚಳದಲ್ಲಿ ಅಂಕಿ ಅಚ್ಚಾಗಿರುತ್ತದೆ, ಆದರೆ ಒಳಗಿನ ಸ್ಪ್ರಿಂಗ್ ಆ ಅಂಕಿಗೆ ನಿಷ್ಠವಾಗಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಬೇಗ ಬಿಟ್ಟುಕೊಟ್ಟರೆ ಗಾಡಿ ಕುದಿಯುತ್ತದೆ, ಬಿಡದೇ ಹೋದರೆ ಹಳೆಯ ಹೋಸೋ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕೋ ಬಾಯಿ ಬಿಡುತ್ತದೆ. ಕೆಲವೇ ನೂರು ರೂಪಾಯಿಯ ವಸ್ತು ಇದು. ಕಂಪನಿಯದ್ದನ್ನೇ ತನ್ನಿ, ಹಳೆಯದರ ಮೇಲಿದ್ದ ಅಂಕಿಯದ್ದನ್ನೇ ತನ್ನಿ. 'ಜಾಸ್ತಿ ಪ್ರೆಶರಿನದ್ದು ಹಾಕಿದರೆ ಇನ್ನೂ ಒಳ್ಳೆಯದು' ಎಂಬ ಸಲಹೆಗೆ ಕಿವಿಗೊಡಬೇಡಿ.

ಥರ್ಮೋಸ್ಟಾಟಿನದ್ದೂ ಇದೇ ಮಾತು. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆದು, ಬಿಸಿಯಾದ ಮೇಲೆ ದಾರಿ ಬಿಡುವ ಬಾಗಿಲು ಅದು. ಅದರ ಹೊಟ್ಟೆಯೊಳಗಿನ ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇದರ ಮೇಲೆ ಒಂದು ಹಳೆಯ ದ್ವೇಷ. 'ಸಾರ್, ಇದೆಲ್ಲ ಚಳಿ ದೇಶಕ್ಕೆ, ನಮಗೆ ಬೇಡ' ಎಂದು ಕಿತ್ತು ಬಿಸಾಡಿ ಪುಣ್ಯ ಕಟ್ಟಿಕೊಂಡವರು ಎಷ್ಟೋ ಜನ. ಕಾರ್ಬುರೇಟರ್ ಕಾಲದಲ್ಲಿ ಅದು ಹೇಗೋ ನಡೆಯುತ್ತಿತ್ತು. ಈಗಿನ ಎಂಜಿನ್ನಿನ ಕಂಪ್ಯೂಟರು ಕೂಲೆಂಟಿನ ಬಿಸಿ ನೋಡಿ ಪೆಟ್ರೋಲ್ ಅಳೆಯುತ್ತದೆ. ಎಂಜಿನ್ ಸರಿಯಾಗಿ ಬಿಸಿಯೇ ಆಗದಿದ್ದರೆ ಅದು ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಮೈಲೇಜ್ ಕೆಳಗಿಳಿಯುತ್ತದೆ. ಇನ್ನೂ ವಿಚಿತ್ರವೆಂದರೆ, ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದನ್ನು ಕಿತ್ತು ಹಾಕಿದರೆ ಬೈಪಾಸ್ ತೆರೆದೇ ಉಳಿದು, ಕೂಲೆಂಟಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ತಂಪಾಗಲಿ ಎಂದು ಮಾಡಿದ್ದೇ ಬಿಸಿಗೆ ಕಾರಣವಾಗುತ್ತದೆ.

ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರು ಥರ್ಮೋಸ್ಟಾಟ್ ಹೊಸದಾದರೂ ಪರೀಕ್ಷೆ ಮಾಡದೆ ಕೂರಿಸುವುದಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಸೀಮೆಎಣ್ಣೆ ಸ್ಟವ್ವು, ಅದರ ಮೇಲೆ ಮಸಿ ಹಿಡಿದ ಅಲ್ಯೂಮಿನಿಯಂ ಪಾತ್ರೆ. ಥರ್ಮೋಸ್ಟಾಟಿನ ಬಾಯಿಗೆ ಒಂದು ದಾರ ಸಿಕ್ಕಿಸಿ, ತಳ ಮುಟ್ಟದಂತೆ ನೀರಿನಲ್ಲಿ ತೂಗುಬಿಡುತ್ತಾರೆ, ಪಕ್ಕದಲ್ಲಿ ಒಂದು ಥರ್ಮಾಮೀಟರ್. ಮೈಮೇಲೆ 82 ಎಂದು ಅಚ್ಚಾಗಿದ್ದರೆ ನೀರು 82ರ ಆಸುಪಾಸಿಗೆ ಬಂದಾಗ ಹಿಡಿತ ಸಡಿಲವಾಗಿ ಅದು ದಾರದಿಂದ ಕಳಚಿ ಪಾತ್ರೆಯೊಳಗೆ ಬೀಳಬೇಕು. 95 ಡಿಗ್ರಿ ಹೊತ್ತಿಗೆ ಬಾಗಿಲು ಸುಮಾರು 8 ಮಿಲಿಮೀಟರ್ ತೆರೆದಿರಬೇಕು. ಒಂದು ದಿನ ಅವರು ಕಂಪನಿಯದ್ದನ್ನೂ ಹೆಸರಿಲ್ಲದ ಲೋಕಲ್ ಒಂದನ್ನೂ ಒಂದೇ ಪಾತ್ರೆಯಲ್ಲಿ ಇಳಿಬಿಟ್ಟು ತೋರಿಸಿದರು. ಎರಡೂ ತೆರೆದವು. ಆದರೆ ಲೋಕಲ್ ತಡವಾಗಿ ತೆರೆಯಿತು, ಪೂರ್ತಿ ತೆರೆಯಲೇ ಇಲ್ಲ. ಜತೆಗೆ ಕಂಪನಿಯದ್ದರ ಅಂಚಿನಲ್ಲಿ ಅಲ್ಲಾಡುವ ಒಂದು ಪುಟ್ಟ ಪಿನ್ನಿತ್ತು. ಸಿಕ್ಕಿಕೊಂಡ ಗಾಳಿ ತಪ್ಪಿಸಿಕೊಳ್ಳಲೆಂದು ಇಟ್ಟಿದ್ದು ಅದು, ಕೂರಿಸುವಾಗ ಮೇಲ್ಮುಖವಾಗಿರಬೇಕು. ಲೋಕಲ್‌ನಲ್ಲಿ ಪಿನ್ನೂ ಇಲ್ಲ, ಅದಕ್ಕೆ ತೂತೂ ಇಲ್ಲ. ಅಂಗಡಿಯ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದರೆ ಈ ವ್ಯತ್ಯಾಸಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ.

ಭಾಗ ಆರಿಸುವಾಗ ಅದರ ಬೆಲೆಗಿಂತ ಮುಂಚೆ ಎರಡು ವಿಷಯ ಕೇಳಿಕೊಳ್ಳಬೇಕು ಎಂಬುದು ನನ್ನ ವಾದ. ಇದು ಕೈಕೊಟ್ಟರೆ ಜತೆಗೆ ಇನ್ನೇನು ಹೋಗುತ್ತದೆ? ಇದನ್ನು ಮತ್ತೆ ಬದಲಿಸಬೇಕಾದರೆ ಎಷ್ಟು ಬಿಚ್ಚಬೇಕು? ವಾಟರ್ ಪಂಪ್ ಎರಡೂ ಪರೀಕ್ಷೆಯಲ್ಲಿ 'ಒಳ್ಳೆಯದನ್ನೇ ಹಾಕು' ಎನ್ನುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅದನ್ನು ತಿರುಗಿಸುವುದು ಟೈಮಿಂಗ್ ಬೆಲ್ಟು. ಅಲ್ಲಿಗೆ ತಲುಪಲು ಎಂಜಿನ್ನಿನ ಒಂದು ಮಗ್ಗುಲನ್ನೇ ಬಿಚ್ಚಬೇಕು, ಮಜೂರಿಯೇ ಪಂಪಿನ ಬೆಲೆಯನ್ನು ಮೀರುತ್ತದೆ. ಪಂಪಿನ ಬೇರಿಂಗ್ ಹಿಡಿದುಕೊಂಡು ಬೆಲ್ಟು ಹಾರಿದರೆ ಪಿಸ್ಟನ್ನೂ ವಾಲ್ವೂ ಡಿಕ್ಕಿ ಹೊಡೆಯಬಹುದು, ಆಮೇಲೆ ಲೆಕ್ಕ ಸಾವಿರಗಳಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಬಲ್ಲವರು ಟೈಮಿಂಗ್ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿಬಿಡುತ್ತಾರೆ. ಕಂಪನಿಯದ್ದೋ, ಕಂಪನಿಗೆ ಕೊಡುವ ತಯಾರಕರದ್ದೋ ಆಗಬೇಕು. ಅದಕ್ಕಿಂತ ಕೆಳಗೆ ಇಳಿಯಬಾರದು. ಪಂಪಿನ ಹೊಟ್ಟೆಯ ಕೆಳಗೆ ಒಂದು ಚಿಕ್ಕ ರಂಧ್ರವಿದ್ದು, ಒಳಗಿನ ಸೀಲು ಸೋತಾಗ ಅಲ್ಲಿಂದ ಹನಿ ಬೀಳಲು ಶುರುವಾಗುತ್ತದೆ. ಅದು ಪಂಪು ಕೊಡುವ ನೋಟೀಸು. ಅಂಟು ಮೆತ್ತಿ ಆ ಬಾಯಿ ಮುಚ್ಚಿಸಿದರೆ ಸೋರಿಕೆ ಬೇರಿಂಗಿನ ಕಡೆ ತಿರುಗುತ್ತದೆ.

ಹೋಸುಗಳ ವಿಷಯದಲ್ಲಿ ಕಂಪನಿ ಡಬ್ಬಕ್ಕಿಂತ ಆಕಾರ ಮುಖ್ಯ. ರೇಡಿಯೇಟರಿನ ಮೇಲಿನ, ಕೆಳಗಿನ ಹೋಸುಗಳನ್ನು ಆಯಾ ಗಾಡಿಗೆ ಬೇಕಾದ ಬಾಗಿನಲ್ಲೇ ಎರಕ ಹೊಯ್ದಿರುತ್ತಾರೆ. ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ನೇರ ಪೈಪನ್ನು ಬಗ್ಗಿಸಿ ಕೂರಿಸಿದರೆ ಬಾಗಿದ ಕಡೆ ಅದು ಮಡಿಚಿಕೊಳ್ಳುತ್ತದೆ, ಕೂಲೆಂಟಿಗೆ ದಾರಿ ಕಿರಿದಾಗುತ್ತದೆ. ಹೆಸರುವಾಸಿ ತಯಾರಕರ ಅಚ್ಚಿನ ಹೋಸು ಸಿಕ್ಕರೆ ಧಾರಾಳವಾಗಿ ಹಾಕಿಸಿ. ಹಳೆಯ ಹೋಸನ್ನು ಕ್ಲಿಪ್ಪಿನ ಹತ್ತಿರ ಎರಡು ಬೆರಳಲ್ಲಿ ಹಿಸುಕಿ ನೋಡಿ, ಏಕೆಂದರೆ ಅದು ಹೊರಗೆ ಹೊಳೆಯುತ್ತಿದ್ದರೂ ಒಳಗಿನಿಂದ ಸೀಳುತ್ತಾ ಬರುತ್ತದೆ. ಸೀಳಿದ್ದು ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಕಂಪನಿಯವರು ಕೊಟ್ಟ ಸ್ಪ್ರಿಂಗ್ ಕ್ಲಿಪ್ಪನ್ನು ಬಿಸಾಡಿ ಸ್ಕ್ರೂ ಕ್ಲಿಪ್ಪು ಹಾಕುವ ಚಾಳಿಯೂ ನಮ್ಮಲ್ಲಿದೆ. ರಬ್ಬರು ಬಿಸಿಗೆ ಹಿಗ್ಗಿ, ತಣಿದಾಗ ಕುಗ್ಗುತ್ತದೆ. ಸ್ಪ್ರಿಂಗ್ ಕ್ಲಿಪ್ಪು ಅದರ ಜತೆಗೇ ಹೊಂದಿಕೊಂಡು ಬಿಗಿ ಹಿಡಿಯುತ್ತದೆ, ಸ್ಕ್ರೂ ಕ್ಲಿಪ್ಪಿಗೆ ಆ ಜಾಣತನವಿಲ್ಲ.

ಈಗ ರೇಡಿಯೇಟರ್. ಅಂಬಾಸಡರ್, ಪದ್ಮಿನಿಗಳ ಕಾಲದ ತಾಮ್ರ ಹಿತ್ತಾಳೆಯ ರೇಡಿಯೇಟರು ತೂತಾದರೆ ಬೆಸುಗೆ ಹಾಕಿಸಿ ವರ್ಷಗಟ್ಟಲೆ ಓಡಿಸುತ್ತಿದ್ದರು. ಈಗಿನದ್ದು ಅಲ್ಯೂಮಿನಿಯಂ ಜಾಲರಿ, ಎರಡು ತುದಿಗೆ ಗಾಜಿನ ನಾರು ಬೆರೆಸಿದ ನೈಲಾನಿನ ಟ್ಯಾಂಕು, ನಡುವೆ ರಬ್ಬರ್ ಪಟ್ಟಿ, ಸುತ್ತ ಮಡಿಚಿ ಒತ್ತಿದ ತಗಡಿನ ಹಲ್ಲುಗಳು. ವರ್ಷಗಳ ಬಿಸಿಗೆ ನೈಲಾನ್ ಪೆಡಸಾಗಿ ಕುತ್ತಿಗೆಯ ಬಳಿ ಬಿರುಕು ಬಿಡುತ್ತದೆ. ಇದನ್ನು ಚೆನ್ನಾಗಿ ಮಾಡುವ ಸ್ವತಂತ್ರ ತಯಾರಕರು ನಮ್ಮ ದೇಶದಲ್ಲೇ ಇದ್ದಾರೆ. ಬದಲಿಸಲು ಎಂಜಿನ್ ಬಿಚ್ಚಬೇಕಾಗಿಲ್ಲ. ಸೋರಲು ಶುರುವಾದರೂ ಸಾಮಾನ್ಯವಾಗಿ ಹಸಿರೋ ಕೆಂಪೋ ಕಲೆ ತೋರಿಸಿ ಮುಂಚೆಯೇ ಹೇಳುತ್ತದೆ. ನನ್ನ ಹಳೆಯ ಪೆಟ್ರೋಲ್ ಕಾರಿಗೆ ನಾನು ಹಾಕಿಸಿದ್ದು ತಯಾರಕರ ಡಬ್ಬದ್ದೇ, ಅದರಿಂದ ಇದುವರೆಗೆ ತಕರಾರಿಲ್ಲ. ಕೊಳ್ಳುವಾಗ ಹಳೆಯದನ್ನು ಜತೆಗೆ ಒಯ್ಯಿರಿ. ಜಾಲರಿಯ ದಪ್ಪ ಅಳೆಯಿರಿ, 26 ಮಿಲಿಮೀಟರಿನ ಜಾಗಕ್ಕೆ 16ರದ್ದನ್ನು ದಾಟಿಸುವವರಿದ್ದಾರೆ. ಎರಡನ್ನೂ ಕೈಯಲ್ಲಿ ಎತ್ತಿ ತೂಕ ನೋಡಿ, ಜಾಲರಿಯ ಎಲೆಗಳು ಎಷ್ಟು ಒತ್ತಾಗಿವೆ ನೋಡಿ, ಕೆಳಗಿನ ಗೂಟ, ಫ್ಯಾನಿನ ಬೋಲ್ಟು ತೂತು, ಎ.ಸಿ. ಕಂಡೆನ್ಸರಿನ ಹಿಡಿಕೆ ಸರಿಯಾದ ಜಾಗದಲ್ಲಿವೆಯೇ ನೋಡಿ. ಒಂದು ಅಪವಾದವನ್ನು ಮಾತ್ರ ಮರೆಯಬೇಡಿ. ಕೆಲವು ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ತಣಿಸುವ ಕೊಳವೆ ರೇಡಿಯೇಟರಿನ ಟ್ಯಾಂಕಿನೊಳಗೇ ಇರುತ್ತದೆ. ಅದು ಒಳಗೊಳಗೇ ಸೋರಿದರೆ ಕೂಲೆಂಟ್ ಗೇರ್‌ಬಾಕ್ಸಿಗೆ ನುಗ್ಗುತ್ತದೆ, ಗೇರ್‌ಬಾಕ್ಸಿನ ಕಥೆ ಮುಗಿಯುತ್ತದೆ. ಅಂಥ ಗಾಡಿಗೆ ಕಂಪನಿಯದ್ದು, ಅಥವಾ ಕಂಪನಿಗೆ ಕೊಡುವ ತಯಾರಕರದ್ದು ಬಿಟ್ಟರೆ ಬೇರೆ ಮಾತಿಲ್ಲ. ವಾರಂಟಿ ಮುಗಿಯದ ಗಾಡಿಗೂ ಹಾಗೆಯೇ. ದಾಖಲೆ ಸ್ವಚ್ಛವಾಗಿರಲಿ, ನಾಳೆ ಜಗಳಕ್ಕೆ ಕಂಪನಿಯವರ ಕೈಗೆ ನೆಪ ಸಿಗದಿರಲಿ.

ಕೂಲೆಂಟ್ ಬಗ್ಗೆ ಜನ ಬಣ್ಣ ನೋಡಿ ಮಾತಾಡುತ್ತಾರೆ. ಹಸಿರು, ಕೆಂಪು, ನೀಲಿ ಎಲ್ಲವೂ ತಯಾರಕರು ಬೆರೆಸುವ ಬಣ್ಣ ಅಷ್ಟೇ, ಒಂದು ಬಣ್ಣ ಅಂದರೆ ಒಂದು ಗುಣ ಎಂಬ ನಿಯಮ ಎಲ್ಲೂ ಇಲ್ಲ. ವ್ಯತ್ಯಾಸವಿರುವುದು ತುಕ್ಕು ತಡೆಯಲು ಸೇರಿಸುವ ರಾಸಾಯನಿಕಗಳಲ್ಲಿ. ಹೊಂದಿಕೆಯಾಗದ ಎರಡನ್ನು ಬೆರೆಸಿದರೆ ಗಸಿ ಕಟ್ಟಿ ಹೊಸ ರೇಡಿಯೇಟರಿನ ಕೊಳವೆಗಳೇ ಕಟ್ಟಿಕೊಳ್ಳಬಹುದು. ಗಾಡಿಯ ಮ್ಯಾನ್ಯುಯಲ್ ಯಾವುದನ್ನು ಕೇಳುತ್ತದೋ ಅದು ಹೊರಗಿನ ಒಳ್ಳೆಯ ಬ್ರಾಂಡಿನಲ್ಲಿ ಸಿಕ್ಕರೂ ಸರಿ. ಬಾಟಲಿಯ ಮೇಲೆ ಎಎಸ್‌ಟಿಎಂ ಡಿ3306 ಅಥವಾ ಜೆಐಎಸ್ ಕೆ2234 ಎಂಬ ಮಾನದಂಡದ ಹೆಸರು ಇದೆಯೇ ನೋಡಿ. ಗಟ್ಟಿ ಕೂಲೆಂಟಾದರೆ ಅರ್ಧಕ್ಕೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿಸುವ ಬೋರ್‌ವೆಲ್ ನೀರು ಎಂಜಿನ್ನಿನೊಳಗೂ ಅದನ್ನೇ ಮಾಡುತ್ತದೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿಯಲ್ಲಿ ಸಿಹಿ. ಚೆಲ್ಲಿದ್ದನ್ನು ನಾಯಿ ನೆಕ್ಕದಂತೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಉಳಿದದ್ದು ಡೂಪ್ಲಿಕೇಟ್ ಭಯ. ನಕಲಿ ಮಾಡುವವರು ಬೇಗ ಖರ್ಚಾಗುವ ಸಣ್ಣ ಭಾಗಗಳನ್ನೇ ಹೆಚ್ಚು ಗುರಿ ಮಾಡುತ್ತಾರೆ. ಹೊಲೊಗ್ರಾಂ ಒಂದನ್ನೇ ನಂಬಬೇಡಿ, ಅದನ್ನೂ ಅಚ್ಚು ಹಾಕುತ್ತಾರೆ. ಡಬ್ಬದ ಮೇಲಿನ ಪಾರ್ಟ್ ನಂಬರನ್ನು ನಿಮ್ಮ ಗಾಡಿಯ ಛಾಸಿ ನಂಬರಿಗೆ ತಾಳೆ ಹಾಕಿಸಿ, ಜಿಎಸ್‌ಟಿ ಬಿಲ್ಲು ಕೇಳಿ. 'ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ' ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಂದ ಹೊರಡಿ. ಸಣ್ಣ ಭಾಗಗಳನ್ನು ಅಧಿಕೃತ ಕೌಂಟರಿನಲ್ಲೇ ಕೊಳ್ಳಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಕುದಿದ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗಿ, ಗ್ಯಾಸ್ಕೆಟ್ ಸುಟ್ಟು, ಲೇತಿಗೆ ಕಳಿಸುವ ಹಂತಕ್ಕೆ ಬಂದರೆ ಇನ್ಶೂರೆನ್ಸ್ ಕೂಡ ಕೈ ಹಿಡಿಯುವುದಿಲ್ಲ. ಯಾಂತ್ರಿಕ ದೋಷದಿಂದಾದ ನಷ್ಟ ಮಾಮೂಲಿ ಪಾಲಿಸಿಯ ಲೆಕ್ಕಕ್ಕೆ ಬರುವುದೇ ಇಲ್ಲ.

ಇಷ್ಟೆಲ್ಲ ಆರಿಸಿ ತಂದಮೇಲೂ ಕೆಲಸ ಕೆಡುವುದು ಒಂದು ಕಡೆ: ಕೂಲೆಂಟ್ ತುಂಬಿಸುವಾಗ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿ ತೆಗೆಯದೇ ಬಿಡುವುದು. ಗಾಳಿ ಗುಳ್ಳೆ ಹೆಡ್ಡಿನೊಳಗೆ ನಿಂತರೆ ಅಲ್ಲಿ ಲೋಹ ಬೇಯುತ್ತದೆ. ಸೆನ್ಸರ್ ಗಾಳಿಯಲ್ಲಿದ್ದರೆ ಡ್ಯಾಶ್‌ಬೋರ್ಡಿನ ಮುಳ್ಳು ಏನೂ ಆಗಿಲ್ಲವೆಂಬಂತೆ ನಡುವೆಯೇ ನಿಂತಿರುತ್ತದೆ. ಆಮೇಲೆ ಬೈಗುಳ ಬೀಳುವುದು ಮಾತ್ರ ಹೊಸ ರೇಡಿಯೇಟರಿಗೆ, ಹೊರಗಿನದು ಹಾಕಿಸಿದ್ದೇ ತಪ್ಪಾಯಿತು ಎಂದು. ಭಾಗ ಕೂರಿಸುವ ಮುಂಚೆಯೂ ಆಮೇಲೂ ಕೈಪಂಪಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಫ್ಯಾನು ಎರಡು ಮೂರು ಸಲ ತಾನಾಗಿ ಓಡಿ ನಿಲ್ಲುವವರೆಗೆ ಎಂಜಿನ್ ಚಾಲೂ ಇಡಲು ಹೇಳಿ, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ ಕಡಿಮೆಯಾದಷ್ಟು ತುಂಬಿಸಿ. ಇದಕ್ಕೆ ಸಮಯ ಹಿಡಿಯುತ್ತದೆ, ಆ ಸಮಯಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಯಾರೂ ಬಿಲ್ಲು ಹಾಕುವುದಿಲ್ಲ, ಹಾಕಿದರೆ ನಾವು ಚೌಕಾಸಿ ಮಾಡುತ್ತೇವೆ. ಹೊರಗಿನ ರೇಡಿಯೇಟರಿನಲ್ಲಿ ಉಳಿದ ದುಡ್ಡಿನಲ್ಲಿ ಐನೂರು ರೂಪಾಯಿಯನ್ನು ಆ ಕೆಲಸಕ್ಕೆಂದೇ ಮೆಕ್ಯಾನಿಕ್ ಕೈಗೆ ಕೊಡಿ. ಇಡೀ ರಿಪೇರಿಯಲ್ಲಿ ಅದಕ್ಕಿಂತ ಸದುಪಯೋಗವಾಗುವ ಐನೂರು ಇನ್ನೊಂದಿಲ್ಲ.